ರಜೆಯಿಂದ ಇಳಿಯದ ದಣಿವು: ಉದ್ಯೋಗಸ್ಥ ತಾಯಿಯೊಬ್ಬರ ಬರ್ನ್‌ಔಟ್ ಪ್ರಕರಣ

ಬೆಂಗಳೂರಿನ ವಿಜಯನಗರದಲ್ಲಿ ಗಂಡ, ಅತ್ತೆ ಮತ್ತು ಇಬ್ಬರು ಮಕ್ಕಳೊಂದಿಗೆ ವಾಸವಾಗಿರುವ, ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ತಂಡವೊಂದನ್ನು ಮುನ್ನಡೆಸುವ 34 ವರ್ಷದ ಮಹಿಳೆಯೊಬ್ಬರ ಬರ್ನ್‌ಔಟ್‌ನ, ಅಂದರೆ ದೀರ್ಘಕಾಲದ ಒತ್ತಡದಿಂದ ಶಕ್ತಿ ಬತ್ತಿಹೋದ ಸ್ಥಿತಿಯ, ಪ್ರಕರಣವಿದು. ಎದೆ ಡವಡವ ಎನ್ನುತ್ತದೆ, ಬೆಳಿಗ್ಗೆ ಏಳುವಾಗಲೇ ತಲೆನೋವಿರುತ್ತದೆ, ಮಗು ಮಲಗಿದರೂ ತನಗೆ ನಿದ್ದೆ ಹತ್ತುವುದಿಲ್ಲ ಎಂಬ ದೂರುಗಳೊಂದಿಗೆ ಆಕೆ ಮೊದಲು ಹೋದದ್ದು ತಮ್ಮ ಬಡಾವಣೆಯ ಕುಟುಂಬ ವೈದ್ಯರ ಬಳಿಗೆ. ಇಸಿಜಿಯಲ್ಲಿ ತೊಂದರೆ ಕಾಣಲಿಲ್ಲ. ಪರೀಕ್ಷೆ ನಡೆಯುತ್ತಿರುವಾಗಲೇ ಆಕೆ ಕಾರಣ ಹೇಳಲಾಗದೆ ಅತ್ತುಬಿಟ್ಟದ್ದನ್ನು ಕಂಡ ವೈದ್ಯರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕಳಿಸಿದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎಲ್ಲರೂ ಸೂಚಿಸುವ ಮೊದಲ ಪರಿಹಾರವಾದ ರಜೆ ಇಲ್ಲಿ ಕೈಕೊಟ್ಟಿತು, ಅದು ಏಕೆ ಕೈಕೊಟ್ಟಿತೆಂದು ಹುಡುಕುತ್ತ ಹೋದಾಗಲೇ ಚೇತರಿಕೆಯ ದಾರಿ ತೆರೆಯಿತು. ಈ ಕಾರಣಕ್ಕೆ ಪ್ರಕರಣವನ್ನು ವಿವರವಾಗಿ ದಾಖಲಿಸುವುದು ಅಗತ್ಯವೆನಿಸಿತು.

ಆಕೆಯ ಹಿರಿಯ ಮಗನಿಗೆ ಆಗ ಆರು ವರ್ಷ, ಕಿರಿಯ ಮಗಳಿಗೆ 14 ತಿಂಗಳು. ಮೊದಲ ಬಾಣಂತನ ಹಾಸನದ ತವರಿನಲ್ಲಿ ಐದು ತಿಂಗಳು ನಡೆದಿತ್ತು. ಎಣ್ಣೆ ನೀರು, ಅಂಟಿನುಂಡೆ, ಬೆಳ್ಳುಳ್ಳಿ ಸಾರು, ರಾತ್ರಿ ಮಗು ಅತ್ತರೆ ತಾನೇ ಎತ್ತಿಕೊಳ್ಳುವ ತಾಯಿ, ಎಲ್ಲವೂ ಇತ್ತು. ಎರಡನೆಯ ಹೆರಿಗೆಯ ಹೊತ್ತಿಗೆ ತಂದೆಗೆ ಪಾರ್ಶ್ವವಾಯು ಆಗಿದ್ದರಿಂದ ತಾಯಿ ಬೆಂಗಳೂರಿಗೆ ಬಂದು ಇದ್ದದ್ದು ಮೂರೇ ವಾರ. ಉಳಿದ ಬಾಣಂತನವನ್ನು ಸಕ್ಕರೆ ಕಾಯಿಲೆ ಮತ್ತು ಮಂಡಿನೋವಿರುವ, 66 ವರ್ಷದ ಅತ್ತೆ ತಮ್ಮ ಶಕ್ತಿ ಇದ್ದಷ್ಟು ಮಾಡಿದರು. 26 ವಾರಗಳ ಹೆರಿಗೆ ರಜೆ ಮುಗಿಸಿ ಆಕೆ ಕೆಲಸಕ್ಕೆ ಮರಳಿದಾಗ ತಂಡದ ಇಬ್ಬರು ಸಂಸ್ಥೆ ಬಿಟ್ಟಿದ್ದರು, ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಬಾಣಂತನ ಮುಗಿಯಿತೆಂದು ಮನೆಯವರೂ, ರಜೆ ಮುಗಿಯಿತೆಂದು ಕಚೇರಿಯವರೂ ಭಾವಿಸಿದರು. ರಾತ್ರಿ ಮೂರು ಸಲ ಏಳುವ ಮಗುವಿಗೆ ಈ ಎರಡೂ ಮುಕ್ತಾಯಗಳ ಅರಿವಿರಲಿಲ್ಲ.

ದಿನಚರಿಯನ್ನು ಕೇಳಿ ಬರೆದುಕೊಂಡಾಗ ಅದು ಬೆಳಗಿನ ಐದಕ್ಕೆ ಶುರುವಾಗುತ್ತಿತ್ತು. ಹಾಲು ಕಾಯಿಸುವುದು, ಮಗಳ ರಾಗಿ ಸರಿ, ಮಗನ ಶಾಲೆಯ ಎರಡು ಡಬ್ಬಿ, ಅತ್ತೆಯ ಸಕ್ಕರೆ ಮಾತ್ರೆಗೆ ಮೊದಲು ತಿಂಡಿ, ಏಳೂ ಮುಕ್ಕಾಲಿಗೆ ಶಾಲೆಯ ವ್ಯಾನು. ವಾರದಲ್ಲಿ ಮೂರು ದಿನ ಕಚೇರಿಗೆ ಹೋಗಲೇಬೇಕಿತ್ತು. ನೇರಳೆ ಮಾರ್ಗದ ಮೆಟ್ರೋ ಕೆ.ಆರ್. ಪುರದವರೆಗೆ ನೇರವಾಗಿದ್ದರೂ ಅಲ್ಲಿಂದ ಮುಂದೆ ಹೊರವರ್ತುಲ ರಸ್ತೆಯಲ್ಲಿ ಬಸ್ಸು ತೆವಳುತ್ತದೆ, ಸ್ವಂತ ಕಾರಾದರೆ ಇಡೀ ಊರನ್ನೇ ಅಡ್ಡ ಹಾಯಬೇಕು. ಮಗಳಿಗೆ ಜ್ವರ ಎಂದು ಕರೆ ಬಂದರೆ ಬೇಗ ತಲುಪಬಹುದೆಂದು ಆಕೆ ಕಾರನ್ನೇ ಆರಿಸಿಕೊಂಡಿದ್ದರು, ಆದರೆ ಸಂಜೆಯ ಹೊತ್ತು ಆ ಲೆಕ್ಕಾಚಾರ ಯಾವತ್ತೂ ನಿಜವಾಗುತ್ತಿರಲಿಲ್ಲ. ರಾತ್ರಿ ಒಂಬತ್ತೂವರೆಗೆ ಅಮೆರಿಕದ ತಂಡದೊಂದಿಗೆ ಕರೆ, ಅದಾದ ಮೇಲೆ ಮರುದಿನದ ತರಕಾರಿ ಹೆಚ್ಚಿಡುವುದು. ನಡುರಾತ್ರಿ ಮಗು ಎದ್ದಾಗ ಒಂದು ಕೈಯಲ್ಲಿ ಅದನ್ನು ತಟ್ಟುತ್ತ ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಕೆಲಸದ ಸಂದೇಶಗಳಿಗೆ ಉತ್ತರಿಸುತ್ತಿದ್ದರು. ಬೆಳಿಗ್ಗೆ ನೋಡಿದರೆ ಬಾಕಿ ಜಾಸ್ತಿಯಾಗಿರುತ್ತದೆ ಎಂಬುದು ಅವರು ಕೊಟ್ಟ ಕಾರಣ.

ನನ್ನ ಬಳಿ ಬರುವ ಹಿಂದಿನ ವಾರ ಆಕೆ ಕಚೇರಿಯ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಮೇಲೆ ಹೋಗಲು ಆಗದೆ ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ಕುಳಿತಿದ್ದರು. ಅಳಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಬೆಳಗಿನ ಸಭೆಗೆ ಸೇರುವಂತೆ ಫೋನು ಮತ್ತೆ ಮತ್ತೆ ಸದ್ದು ಮಾಡುತ್ತಿದ್ದರೂ ಕೈ ಅದರತ್ತ ಹೋಗಲಿಲ್ಲ. ಒಂದು ಕಾಲಕ್ಕೆ ಬಹಳ ಇಷ್ಟಪಟ್ಟು ಮಾಡುತ್ತಿದ್ದ ಕೆಲಸದ ಬಗ್ಗೆ, ಯಾರು ಏನು ಬೇಕಾದರೂ ಮಾಡಿಕೊಳ್ಳಲಿ ಎಂಬ ತಾತ್ಸಾರ ಬಂದಿತ್ತು. ಕಿರಿಯ ಸಹೋದ್ಯೋಗಿಗಳು ಸಂದೇಹ ಕೇಳಿದರೆ ಸಿಡುಕುತ್ತಿದ್ದರು, ಒಂದೇ ಕೋಡನ್ನು ಮೂರು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಅವರನ್ನು ಹೆಚ್ಚು ಹೆದರಿಸಿದ್ದು ಮನೆಯಲ್ಲಿ ಆಗುತ್ತಿದ್ದದ್ದು. ಎರಡನೆಯ ಭೇಟಿಯಲ್ಲಿ, ಬಹಳ ಹೊತ್ತು ಸುಮ್ಮನಿದ್ದು, ಅವರು ಹೇಳಿದರು: “ಮೇಡಂ, ಮಗು ಅಳ್ತಾ ಇರುತ್ತೆ. ಎತ್ಕೋತೀನಿ, ಹಾಲು ಕೊಡ್ತೀನಿ, ಬಟ್ಟೆ ಬದಲಾಯಿಸ್ತೀನಿ. ಎಲ್ಲಾ ಸರಿಯಾಗೇ ಮಾಡ್ತೀನಿ. ಆದ್ರೆ ಒಳಗೆ ಏನೂ ಅನ್ಸಲ್ಲ. ಯಾರದೋ ಮನೆ ಮಗುನ ನೋಡ್ಕೊಳ್ಳೋಕೆ ಬಂದಿರೋ ಹಾಗೆ ಇರ್ತೀನಿ. ದೊಡ್ಡವನ ಜೊತೆ ಎಷ್ಟು ಆಡ್ತಿದ್ದೆ ಗೊತ್ತಾ ನಾನು?”

ಈ ಕೊನೆಯ ಪ್ರಶ್ನೆ ನನಗೆ ರೋಗಲಕ್ಷಣಗಳ ಪಟ್ಟಿಗಿಂತ ಹೆಚ್ಚು ತಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಯೆಂದು ಪರಿಗಣಿಸಿಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಉದ್ಯೋಗ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ವಿವರಿಸಿ, ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ದಕ್ಷತೆ ಕುಗ್ಗಿದ ಅನುಭವ ಎಂಬ ಮೂರು ಮುಖಗಳನ್ನು ಹೇಳಿದೆ. ಉದ್ಯೋಗದ ಹೊರಗಿನ ಬದುಕಿಗೆ ಈ ಪದವನ್ನು ಅನ್ವಯಿಸಬಾರದೆಂದೂ ಅಲ್ಲಿ ಸ್ಪಷ್ಟವಾಗಿದೆ. ಆದರೆ ಬೆಲ್ಜಿಯಂನ ಇಸಬೆಲ್ ರೋಸ್ಕಾಮ್ ಮತ್ತು ಮೊಯ್ರಾ ಮಿಕೊಲಾಜ್ಚಾಕ್ ಎಂಬ ಸಂಶೋಧಕಿಯರು ತಂದೆತಾಯಿಯರ ಬರ್ನ್‌ಔಟ್ ಅನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಿ, 2018ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದ್ದಾರೆ. ಪೋಷಕರ ಪಾತ್ರದಲ್ಲಿನ ತೀವ್ರ ಬಳಲಿಕೆ, ಮಕ್ಕಳಿಂದ ಭಾವನಾತ್ಮಕವಾಗಿ ದೂರವಾಗುವುದು, ತಾಯ್ತನವೇ ಸಾಕಾಗಿಹೋದ ಭಾವ ಇವುಗಳ ಜೊತೆಗೆ ನಾಲ್ಕನೆಯದಾಗಿ ಅವರು ಗುರುತಿಸಿದ್ದು, ತಾನು ಹಿಂದೆ ಎಂಥ ತಾಯಿಯಾಗಿದ್ದೆ, ಈಗ ಹೇಗಾಗಿದ್ದೇನೆ ಎಂಬ ಅಂತರದ ನೋವನ್ನು. “ದೊಡ್ಡವನ ಜೊತೆ ಎಷ್ಟು ಆಡ್ತಿದ್ದೆ” ಎಂಬ ಮಾತು ಅದೇ ನೋವು. ಮಕ್ಕಳ ಮೇಲೆ ಮೊದಲಿನಿಂದಲೂ ಮಮತೆ ಇಲ್ಲದವರಿಗೆ ಈ ನೋವು ಬರುವುದಿಲ್ಲ ಎಂಬುದನ್ನು ಆಕೆಗೆ ಮೊದಲು ತಿಳಿಸಬೇಕಾಗಿತ್ತು, ಏಕೆಂದರೆ ತಾನು ಕೆಟ್ಟ ತಾಯಿ ಎಂದು ಆಕೆ ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಬರ್ನ್‌ಔಟ್ ಎಂದು ಕರೆಯುವ ಮೊದಲು ಬೇರೆ ಸಾಧ್ಯತೆಗಳನ್ನು ತಳ್ಳಿಹಾಕಬೇಕು. ನಮ್ಮಲ್ಲಿ ಈ ಹೆಜ್ಜೆ ತಪ್ಪುವುದು ಹೆಚ್ಚು, ಹೀಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಹೆರಿಗೆಯ ನಂತರದ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವುದುಂಟು, ಅದರಲ್ಲಿ ಎದೆಬಡಿತವೂ ಬಳಲಿಕೆಯೂ ಕಾಣಿಸಿಕೊಳ್ಳುತ್ತವೆ. ಥೈರಾಯ್ಡ್ ಸ್ಥಿತಿಯನ್ನು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆಯಲ್ಲಿ ಆಕೆಯ ಮಟ್ಟ ಸರಿಯಾಗಿತ್ತು. ಹಿಮೋಗ್ಲೋಬಿನ್ ಮಾತ್ರ 9.8 ಇತ್ತು, ಗರ್ಭಿಣಿಯಲ್ಲದ ಮಹಿಳೆಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಲೆಕ್ಕ. ವಿಟಮಿನ್ ಬಿ12 ಕೂಡ ತಗ್ಗಿತ್ತು. ಗರ್ಭಿಣಿಯಾಗಿದ್ದಾಗ ತಪ್ಪದೆ ನುಂಗುತ್ತಿದ್ದ ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರ ಯಾರೂ ನೆನಪಿಸಿರಲಿಲ್ಲ. ಮನೆಯವರ ಮಾತ್ರೆಗಳನ್ನೆಲ್ಲ ನೆನಪಿಡುವವರು ಆಕೆಯೇ ಆಗಿದ್ದರು. ಇನ್ನೊಂದು ಮುಖ್ಯ ಸಾಧ್ಯತೆ ಖಿನ್ನತೆ. ಹೆರಿಗೆ ನಂತರದ ಖಿನ್ನತೆಗೆಂದೇ ಇರುವ, 1987ರಿಂದ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪನವನ್ನು ಬಳಸಿದೆವು, ಮನೋವೈದ್ಯರೊಬ್ಬರೂ ಒಮ್ಮೆ ನೋಡಿದರು. ಸಾಯಬೇಕೆಂಬ ಯೋಚನೆ ಬರುತ್ತದೆಯೇ, ಮಗುವಿಗೆ ಏನಾದರೂ ಮಾಡಿಬಿಡುವ ಭಯವಿದೆಯೇ ಎಂಬುದನ್ನು ನೇರವಾಗಿಯೇ ಕೇಳಬೇಕು, ಕೇಳಿದ್ದೇವೆ. ಸಾವಿನ ಯೋಚನೆ ಇರಲಿಲ್ಲ, ಆದರೆ ಮೆಜೆಸ್ಟಿಕ್‌ಗೆ ಹೋಗಿ ಯಾವುದಾದರೂ ಊರಿನ ಬಸ್ಸು ಹತ್ತಿಬಿಡಬೇಕು ಎಂಬ ಯೋಚನೆ ಮತ್ತೆ ಮತ್ತೆ ಬರುತ್ತಿತ್ತು. ಇಂಥ ಓಡಿಹೋಗುವ ಯೋಚನೆ ಪೋಷಕರ ಬರ್ನ್‌ಔಟ್‌ನಲ್ಲಿ ಸಾಮಾನ್ಯ, ಹಾಗೆಂದು ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ರಾತ್ರಿ ಹೊತ್ತು ಸಂಕಟ ಹೆಚ್ಚಾದರೆ ಕನ್ನಡದಲ್ಲೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416ರ ಸಂಖ್ಯೆಯನ್ನು ಆಕೆಗೂ ಗಂಡನಿಗೂ ಕೊಟ್ಟೆವು. ಖಿನ್ನತೆ ಇನ್ನಷ್ಟು ಗಾಢವಾಗಿದ್ದು ಮಗುವಿನ ಆರೈಕೆಯೇ ಕಷ್ಟವಾಗಿದ್ದಿದ್ದರೆ, ತಾಯಿಯನ್ನೂ ಮಗುವನ್ನೂ ಬೇರ್ಪಡಿಸದೆ ಒಟ್ಟಿಗೆ ದಾಖಲಿಸಿಕೊಳ್ಳುವ ನಿಮ್ಹಾನ್ಸ್‌ನ ತಾಯಿ-ಮಗು ಘಟಕಕ್ಕೆ ಕಳಿಸುತ್ತಿದ್ದೆವು. ಆ ಅಗತ್ಯ ಬೀಳಲಿಲ್ಲ. ಕಬ್ಬಿಣ ಮತ್ತು ಬಿ12 ಚಿಕಿತ್ಸೆ ಶುರುವಾಯಿತು, ಖಿನ್ನತೆಯ ಔಷಧಿ ಸದ್ಯಕ್ಕೆ ಬೇಡ, ಆರು ವಾರ ಬಿಟ್ಟು ಮತ್ತೆ ನೋಡೋಣ ಎಂದು ಮನೋವೈದ್ಯರು ತೀರ್ಮಾನಿಸಿದರು.

ವೈದ್ಯರ ಪತ್ರದ ಆಧಾರದ ಮೇಲೆ ಕಚೇರಿ ಒಂದು ತಿಂಗಳ ರಜೆ ಕೊಟ್ಟಿತು. ಎಲ್ಲರೂ ನಿಟ್ಟುಸಿರು ಬಿಟ್ಟರು, ಆಕೆಯೂ ಬಿಟ್ಟರು. ಮೂರನೇ ವಾರ ಬಂದಾಗ ಆಕೆಯ ಸ್ಥಿತಿ ಮೊದಲಿಗಿಂತ ಕೆಟ್ಟಿತ್ತು. ರಜೆ ಶುರುವಾದ ಮರುದಿನವೇ, ಹೇಗೂ ಮನೆಯಲ್ಲೇ ಇರುತ್ತೀರಲ್ಲ ಎಂದು ಅಡುಗೆಯವರನ್ನು ಬಿಡಿಸಲಾಗಿತ್ತು. ಮಗನ ಶಾಲೆಯ ವಾರ್ಷಿಕೋತ್ಸವಕ್ಕೆ ವೇಷ ಹೊಲಿಸುವ ಕೆಲಸ ಬಂತು, ಅತ್ತೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಇದೇ ಸರಿಯಾದ ಸಮಯ ಎಂದಾಯಿತು, ಗಂಡನ ಕಡೆಯ ನೆಂಟರು ಮದುವೆಯ ಕರೆಯೋಲೆ ಕೊಡಲು ಬಂದವರು ಎರಡು ದಿನ ಉಳಿದರು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಕಚೇರಿಯ ಕೆಲಸ ಖಾಲಿ ಮಾಡಿಕೊಟ್ಟ ಜಾಗಕ್ಕೆ ಮನೆಯ ಕೆಲಸ ತಗ್ಗಿಗೆ ನೀರು ಹರಿದಂತೆ ತಾನಾಗಿಯೇ ಹರಿದುಬಂದಿತ್ತು. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು, ಗಂಡಸರು 97 ನಿಮಿಷ. ಇಂಥ ಕೆಲಸ ಮಾಡುವ ಗಂಡಸರ ಸಂಖ್ಯೆಯೇ ಕಡಿಮೆ ಎಂಬುದನ್ನೂ ನೆನಪಿಡಬೇಕು. ಕಚೇರಿಯಿಂದ ಮಾತ್ರ ರಜೆ ಕೊಡಿಸಿ ತಾಯಿಯೊಬ್ಬಳು ವಿಶ್ರಾಂತಿ ಪಡೆಯುತ್ತಾಳೆಂದು ನಂಬುವುದು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಅಲ್ಲಿಂದ ದಾರಿ ಬದಲಿಸಿದೆವು. ಒಂದು ವಾರ ಕಾಲ, ಮಾಡಿದ ಕೆಲಸಗಳನ್ನಲ್ಲ, ನೆನಪಿಟ್ಟುಕೊಳ್ಳಬೇಕಾದ ಸಂಗತಿಗಳನ್ನು ಬರೆಯಿರಿ ಎಂದು ಕೇಳಿಕೊಂಡೆ. ಮಗನ ಹಳೆಯ ಚಿತ್ರಕಲೆ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಬರೆದು ತಂದರು. ಗ್ಯಾಸ್ ಬುಕ್ ಮಾಡಬೇಕು. ಮಗಳ ಲಸಿಕೆಯ ಕಾರ್ಡು ಯಾವ ಚೀಲದಲ್ಲಿದೆ. ಗುರುವಾರ ಮಗನಿಗೆ ಬಿಳಿ ಶೂ. ಅತ್ತೆಯ ಮಾತ್ರೆ ಶನಿವಾರಕ್ಕೆ ಮುಗಿಯುತ್ತದೆ. ವ್ಯಾನಿನವರಿಗೆ ಐದನೇ ತಾರೀಖಿನೊಳಗೆ ಹಣ. ಕಾವೇರಿ ನೀರು ಬಾರದ ದಿನ ಟ್ಯಾಂಕರ್‌ಗೆ ಹೇಳಬೇಕು. ಅಪ್ಪನ ಫಿಸಿಯೋಥೆರಪಿಯವರು ಬಂದರೋ ಇಲ್ಲವೋ. ಮಗಳ ಉಗುರು. ಇವುಗಳ ನಡುನಡುವೆ ಕಚೇರಿಯ ಗಡುವುಗಳು. ಹಾಳೆಗಳನ್ನು ಮೇಜಿನ ಮೇಲೆ ಹರಡಿ ನೋಡಿದಾಗ ಗಂಡ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಅವರು ಕೆಲಸಕ್ಕೆ ಹಿಂಜರಿಯುವ ಮನುಷ್ಯರಲ್ಲ. ಹೇಳಿದ್ದನ್ನೆಲ್ಲ ಮಾಡುತ್ತಿದ್ದರು, ತಾನು ಅರ್ಧ ಹೊರೆ ಹೊತ್ತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿದ್ದರು. “ಏನು ಮಾಡ್ಬೇಕು ಹೇಳು ಅಂತ ದಿನಾ ಕೇಳ್ತೀನಲ್ಲ ಮೇಡಂ” ಎಂದರು. ಅದಕ್ಕೆ ಆಕೆ, “ಹೇಳೋದೇ ನನಗೆ ದೊಡ್ಡ ಕೆಲಸ ಆಗಿದೆ ರೀ” ಎಂದರು. ಆ ಕೋಣೆಯಲ್ಲಿ ಅವತ್ತು ನಾನು ಸೇರಿಸಬೇಕಾದ್ದು ಏನೂ ಇರಲಿಲ್ಲ.

ಒಂದೊಂದು ಕೆಲಸವನ್ನು ಸಹಾಯವಾಗಿ ಹಂಚಿಕೊಳ್ಳುವ ಬದಲು, ಅದರ ನೆನಪು, ನಿರ್ಧಾರ, ತಪ್ಪಾದರೆ ಹೊಣೆ ಎಲ್ಲವನ್ನೂ ಸೇರಿಸಿ ಇಡಿಯಾಗಿ ವಹಿಸಿಕೊಡುವುದೆಂದು ನಿಶ್ಚಯವಾಯಿತು. ಮಗನ ಶಾಲೆಗೆ ಸಂಬಂಧಿಸಿದ್ದೆಲ್ಲ, ಅಂದರೆ ಡಬ್ಬಿ, ಶುಲ್ಕ, ವ್ಯಾನು, ತರಗತಿಯ ವಾಟ್ಸಾಪ್ ಗುಂಪು, ಪೋಷಕರ ಸಭೆ, ಗಂಡನದಾಯಿತು. ಆಕೆ ಆ ಗುಂಪಿನಿಂದ ಹೊರಬಂದರು. ಇಬ್ಬರೂ ಸದಸ್ಯರಾಗಿದ್ದರೆ ಓದುವವರು ಆಕೆಯೇ ಆಗಿಬಿಡುತ್ತಾರೆ ಎಂಬುದು ಅನುಭವದಿಂದ ಗೊತ್ತಿತ್ತು. ರಾತ್ರಿಯ ಸರದಿಯೂ ಬದಲಾಯಿತು. ಮಗಳು ಆಗಲೇ ರಾತ್ರಿ ಎದೆಹಾಲಿಲ್ಲದೆ ಇರಬಲ್ಲವಳಾಗಿದ್ದಳು, ಹಾಗಾಗಿ ವಾರದ ನಾಲ್ಕು ರಾತ್ರಿ ಗಂಡ ಮಗುವಿನೊಂದಿಗೆ, ಆಕೆ ಇನ್ನೊಂದು ಕೋಣೆಯಲ್ಲಿ. ಮೊದಲ ಹತ್ತು ಹನ್ನೆರಡು ದಿನ ಮಗು ಅತ್ತದ್ದು, ಆಕೆ ಬಾಗಿಲ ಈಚೆ ನಿಂತು ಒಳಗೆ ಹೋಗದೆ ತಡೆದುಕೊಂಡದ್ದು ಇಡೀ ಚಿಕಿತ್ಸೆಯ ಅತ್ಯಂತ ಕಷ್ಟದ ಭಾಗವೆಂದು ನನ್ನ ಅಭಿಪ್ರಾಯ. ಗಂಡ ಕಳಿಸಿದ ಮೊದಲ ವಾರದ ಡಬ್ಬಿಗಳಲ್ಲಿ ದಿನವೂ ಚಪಾತಿ-ಸಕ್ಕರೆಯೇ ಇತ್ತು. ಮಗ ಅದನ್ನು ಖುಷಿಯಿಂದ ತಿಂದ, ಆಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಡಬ್ಬಿಯ ಹೊಣೆ ಆ ಕ್ಷಣವೇ ಅವರಿಗೆ ಮರಳುತ್ತಿತ್ತು.

ಅತ್ತೆಯ ವಿಷಯ ನಾಜೂಕಾಗಿತ್ತು. ಕುಟುಂಬದ ಭೇಟಿಯಲ್ಲಿ ಅವರು, “ನಾವೇನು ಮೂರು ಮಕ್ಕಳನ್ನ ಸಾಕಲಿಲ್ವಾ? ಆಗ ಮಿಕ್ಸಿ ಇತ್ತಾ, ವಾಷಿಂಗ್ ಮೆಷಿನ್ ಇತ್ತಾ?” ಎಂದರು. ಈ ಮಾತಿಗೆ ಎದುರು ವಾದ ಹೂಡುವುದರಲ್ಲಿ ಅರ್ಥವಿಲ್ಲ, ಅದರಲ್ಲಿ ಸತ್ಯವೂ ಇದೆ. ಆಗ ಮನೆಯಲ್ಲಿ ಯಾರ‍್ಯಾರಿದ್ದರು ಅಮ್ಮ ಎಂದು ಕೇಳಿದೆ. ತಮ್ಮ ಅತ್ತೆ, ಇಬ್ಬರು ನಾದಿನಿಯರು, ಕೆಳಗಿನ ಮನೆಯ ಓರಗಿತ್ತಿ ಎಂದು ಎಣಿಸುತ್ತ ಹೋದವರು ತಾವಾಗಿಯೇ ನಿಲ್ಲಿಸಿದರು. “ಮಗು ಯಾರ ಸೊಂಟದ ಮೇಲಿದೆ ಅಂತ ನಮಗೇ ಗೊತ್ತಿರ್ತಿರಲಿಲ್ಲ” ಎಂದು ನಕ್ಕರು. ತಾವು ಕೈಲಾಗದವರೆಂದು ಸೊಸೆ ದೂರುತ್ತಿದ್ದಾಳೆ ಎಂಬ ನೋವು ಅವರ ಮಾತಿನ ಹಿಂದಿತ್ತು. ಅದು ಹೊರಬಂದ ಮೇಲೆ ಹಗಲು ಮಗುವನ್ನು ನೋಡಿಕೊಳ್ಳಲು ಆಯಾ ಒಬ್ಬರನ್ನು ನೇಮಿಸಲು, ತಾವು ಕುಳಿತಲ್ಲಿಂದ ಮೇಲ್ವಿಚಾರಣೆ ಮಾಡಲು ಒಪ್ಪಿದರು. ಅವರ ಮಾತ್ರೆಗಳ ಜವಾಬ್ದಾರಿಯನ್ನು ಮಗನೇ ವಹಿಸಿಕೊಂಡರು.

ಕಚೇರಿಯ ಭಾಗ ಸುಲಭವಾಗಿರಲಿಲ್ಲ. ಸಂಸ್ಥೆ ಧ್ಯಾನದ ಆ್ಯಪ್‌ಗೆ ಉಚಿತ ಸದಸ್ಯತ್ವ ಕೊಟ್ಟಿತ್ತು, ಶುಕ್ರವಾರ ಯೋಗ ತರಗತಿ ಇತ್ತು. ಇವು ಕೆಟ್ಟವಲ್ಲ, ಆದರೆ ಮೂವರ ಕೆಲಸ ಮಾಡುವವರನ್ನು ಯೋಗ ಒಬ್ಬರ ಕೆಲಸಕ್ಕೆ ಇಳಿಸುವುದಿಲ್ಲ. ಬರ್ನ್‌ಔಟ್ ಸಂಶೋಧನೆಯಲ್ಲಿ ದೊಡ್ಡ ಹೆಸರಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಮೈಕೆಲ್ ಲೀಟರ್ ಅವರು ಕೆಲಸದ ಹೊರೆ, ಅದರ ಮೇಲಿನ ಹಿಡಿತ, ಪ್ರತಿಫಲ, ಸಹೋದ್ಯೋಗಿಗಳ ಒಡನಾಟ, ನ್ಯಾಯ, ಮೌಲ್ಯ ಎಂಬ ಆರು ನೆಲೆಗಳಲ್ಲಿ ಉದ್ಯೋಗಿಗೂ ಉದ್ಯೋಗಕ್ಕೂ ಹೊಂದಿಕೆ ತಪ್ಪುವುದನ್ನು ನೋಡಬೇಕೆನ್ನುತ್ತಾರೆ. ಆಕೆಯ ವಿಷಯದಲ್ಲಿ ಹೊರೆ ಮತ್ತು ಹಿಡಿತ ಎರಡೂ ತಪ್ಪಿದ್ದವು. ತಮ್ಮ ಮ್ಯಾನೇಜರ್‌ಗೆ ಬರೆಯಬೇಕಾದ ಪತ್ರವನ್ನು ನಾವು ಒಟ್ಟಿಗೆ ಕುಳಿತು ಸಿದ್ಧಪಡಿಸಿದೆವು. ದಣಿವಿನ ವರ್ಣನೆಗಿಂತ ಬೇಡಿಕೆಗಳೇ ಅದರಲ್ಲಿ ಮುಖ್ಯವಾಗಿದ್ದವು: ರಾತ್ರಿಯ ಕರೆ ವಾರಕ್ಕೆ ಎರಡೇ, ಖಾಲಿ ಹುದ್ದೆಗಳಲ್ಲಿ ಒಂದನ್ನಾದರೂ ತುಂಬುವ ದಿನಾಂಕ, ಮೂರು ತಿಂಗಳ ಮಟ್ಟಿಗೆ ತುರ್ತು ಕರೆಯ ಸರದಿಯಿಂದ ಬಿಡುಗಡೆ. ಮೊದಲ ಮತ್ತು ಮೂರನೆಯದು ಒಂದು ವಾರದಲ್ಲಿ ಸಿಕ್ಕವು, ಹುದ್ದೆ ತುಂಬಲು ನಾಲ್ಕು ತಿಂಗಳು ಹಿಡಿಯಿತು. 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕೆಂದು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶವಿರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತ್ತು. ಆಕೆಯ ಸಂಸ್ಥೆಯಲ್ಲಿ ಕೇಂದ್ರವೇನೋ ಇತ್ತು. ಆದರೆ ವಿಜಯನಗರದಿಂದ ಹಾಲುಗಲ್ಲದ ಮಗುವನ್ನು ಆ ದಟ್ಟಣೆಯಲ್ಲಿ ದಿನವೂ ಕೊಂಡೊಯ್ಯುವವರು ಯಾರು? ಕಾನೂನು ಬರೆದವರು ನಮ್ಮ ಸಿಲ್ಕ್ ಬೋರ್ಡ್, ಮಾರತಹಳ್ಳಿಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಿರಲಾರರು. ಅದೇ ಕಾನೂನು ಖಾಸಗಿ ವಲಯದ ತಂದೆಗೆ ಒಂದು ದಿನದ ರಜೆಯನ್ನೂ ಕೊಟ್ಟಿರಲಿಲ್ಲ, ಮಗು ಹುಟ್ಟಿದ ಮೊದಲ ವಾರದಿಂದಲೇ ಎಲ್ಲವನ್ನೂ ನೆನಪಿಡುವ ಅಭ್ಯಾಸ ಒಬ್ಬರಿಗೇ ಅಂಟಿಕೊಳ್ಳಲು ಇದೂ ಒಂದು ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿದ್ದೆ ಮೊದಲು ಮರಳಿತು, ನಂತರ ಗಮನ, ಎಲ್ಲಕ್ಕಿಂತ ಕೊನೆಗೆ ಮಗಳ ಮೇಲಿನ ಅಕ್ಕರೆ. ಈ ಕ್ರಮವನ್ನು ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಎರಡು ತಿಂಗಳಾದರೂ ಮನಸ್ಸು ಕರಗದ್ದನ್ನು ಕಂಡು ಆಕೆ ಕೈಚೆಲ್ಲುತ್ತಿದ್ದರು. ಮಗಳನ್ನು ಪ್ರೀತಿಸಲು ಪ್ರಯತ್ನಿಸಿ ಎಂದು ನಾನು ಹೇಳಲಿಲ್ಲ. ದಿನಕ್ಕೆ ಕಾಲು ಗಂಟೆ, ಉಣಿಸುವ, ತೊಳೆಯುವ, ಮಲಗಿಸುವ ಯಾವ ಕೆಲಸವೂ ಇಲ್ಲದೆ, ಅವಳ ಪಕ್ಕ ನೆಲದ ಮೇಲೆ ಕುಳಿತಿರಿ ಎಂದಷ್ಟೇ ಹೇಳಿದ್ದೆ. ಮೂರನೇ ತಿಂಗಳ ಒಂದು ಭೇಟಿಯಲ್ಲಿ ಆಕೆ, ಮಗಳು ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಇಡಲು ಹೋಗಿ ದೊಡ್ಡದನ್ನು ಚಿಕ್ಕದರೊಳಗೆ ತುರುಕಲು ನೋಡುತ್ತಾಳೆ, ಆಗದಿದ್ದರೆ ಲೋಟಕ್ಕೇ ಬೈಯುತ್ತಾಳೆ ಎಂದು ಬಹಳ ಹೊತ್ತು ವಿವರಿಸಿದರು. ಎರಡನೇ ಭೇಟಿಯಲ್ಲಿ ಮಗಳ ಬಗ್ಗೆ ಹೇಳಲು ಆಕೆಯ ಬಳಿ ಇಂಥ ಒಂದು ವಿವರವೂ ಇರಲಿಲ್ಲ. ಆರು ವಾರಗಳ ನಂತರ ನೋಡಿದ ಮನೋವೈದ್ಯರು ಔಷಧಿಯ ಅಗತ್ಯವಿಲ್ಲವೆಂದಿದ್ದರು, ಹಿಮೋಗ್ಲೋಬಿನ್ ಈ ಹೊತ್ತಿಗೆ 12 ದಾಟಿತ್ತು.

ಮಾರ್ಚ್‌ನಲ್ಲಿ ಮತ್ತೆ ಕುಸಿತ ಕಂಡಿತು. ವರ್ಷಾಂತ್ಯದ ಲೆಕ್ಕಾಚಾರದಿಂದ ಬ್ಯಾಂಕಿನಲ್ಲಿರುವ ಗಂಡ ರಾತ್ರಿ ತಡವಾಗಿ ಬರತೊಡಗಿದರು, ಆಯಾ ಊರಹಬ್ಬಕ್ಕೆಂದು ಹೋದವರು ಎರಡು ವಾರ ಮರಳಲಿಲ್ಲ, ಡಬ್ಬಿಯೂ ರಾತ್ರಿಯ ಸರದಿಯೂ ಸದ್ದಿಲ್ಲದೆ ಆಕೆಯ ಪಾಲಿಗೆ ಹಿಂತಿರುಗಿದ್ದವು. ಈ ಸಲ ವ್ಯತ್ಯಾಸವೆಂದರೆ ಬೆಳಗಿನ ತಲೆನೋವು ಶುರುವಾದ ವಾರವೇ ಆಕೆ ಅದನ್ನು ಗುರುತಿಸಿ ಗಂಡನಿಗೆ ತಿಳಿಸಿದರು. ಗಂಡನ ಅಕ್ಕ ಮೈಸೂರಿನಿಂದ ಬಂದು ಹತ್ತು ದಿನ ಇದ್ದು ಹೋದರು.

ಈ ಚೇತರಿಕೆಯ ಒಂದು ಭಾಗ ಹಣದಿಂದ ಸಾಧ್ಯವಾದದ್ದು ಎಂಬುದನ್ನು ಮರೆಮಾಚುವುದು ತಪ್ಪಾಗುತ್ತದೆ. ಇಳಿದ ಹೊರೆಯಲ್ಲಿ ಒಂದಷ್ಟನ್ನು ಈಗ ಹೊತ್ತಿರುವವರು ಆಯಾ. ಅವರಿಗೂ ನಾಲ್ಕು ವರ್ಷದ ಮಗನಿದ್ದಾನೆ, ಅವನನ್ನು ಅಂಗನವಾಡಿಗೆ ಬಿಟ್ಟು, ಅದು ಮುಗಿದ ಮೇಲೆ ಪಕ್ಕದ ಮನೆಯವರಿಗೆ ಒಪ್ಪಿಸಿ ಬರುತ್ತಾರೆ. ಅವರಿಗೆ ವಾರದ ರಜೆ, ಜ್ವರ ಬಂದರೆ ಸಂಬಳ ಕಡಿಯದ ರಜೆ ಕೊಡಬೇಕೆಂದು ಆಕೆ ತಾವಾಗಿಯೇ ನಿಶ್ಚಯಿಸಿದರು, ಅತ್ತೆ ಮೊದಲು ಗೊಣಗಿ ಆಮೇಲೆ ಒಪ್ಪಿದರು. ಪೀಣ್ಯದ ಗಾರ್ಮೆಂಟ್ಸ್‌ನಿಂದಲೋ ಮನೆಗೆಲಸದಿಂದಲೋ ಇದೇ ದಣಿವನ್ನು ಹೊತ್ತು ಬರುವ ತಾಯಂದಿರ ವಿಷಯದಲ್ಲಿ, ಪತ್ರ ಬರೆದು ಮೂರು ಬೇಡಿಕೆ ಇಡಿ ಎಂಬ ಸಲಹೆ ನಡೆಯುವುದಿಲ್ಲ. ಅಲ್ಲಿ ಗಂಡನ ಪಾಲು, ನೆರೆಯ ಹೆಂಗಸರ ಸಂಘ ಮತ್ತು ಇಡೀ ದಿನ ತೆರೆದಿರುವ ಶಿಶುಪಾಲನಾ ಕೇಂದ್ರ, ಇವುಗಳಿಂದಲೇ ಶುರುಮಾಡಬೇಕು.

ಒಂದು ವರ್ಷದ ನಂತರದ ಭೇಟಿಯಲ್ಲಿ ಆಕೆ ಕೆಲಸದಲ್ಲಿ ಮುಂದುವರಿದಿದ್ದರು, ತಂಡವನ್ನು ಮುನ್ನಡೆಸುತ್ತಲೂ ಇದ್ದರು. ಆ ವರ್ಷದ ಬಡ್ತಿ ಸಿಗಲಿಲ್ಲ, ಅದರ ಬೇಸರ ಇನ್ನೂ ಇದೆ, ಇರುವುದು ಸಹಜವೂ ಹೌದು. ತವರಿಗೆ ವಾರಕ್ಕೆರಡು ಸಲ ಫೋನ್ ಮಾಡುವ ಹೊಣೆ ಈಗ ತಮ್ಮನೊಂದಿಗೆ ಹಂಚಿಕೆಯಾಗಿದೆ. ಮಗಳು ಜೂನ್‌ನಲ್ಲಿ ಪ್ಲೇ ಹೋಮ್‌ಗೆ ಸೇರಲಿದ್ದಾಳೆ. ಮೊದಲ ವರ್ಷ ಮಕ್ಕಳಿಗೆ ಮೇಲಿಂದ ಮೇಲೆ ನೆಗಡಿ-ಜ್ವರ ಬರುವುದು ಖಚಿತವಾದ್ದರಿಂದ, ಆ ದಿನಗಳಲ್ಲಿ ಯಾರು ರಜೆ ಹಾಕಬೇಕೆಂಬುದನ್ನು ಗಂಡ ಹೆಂಡತಿ ಮೊದಲೇ ಕುಳಿತು ತೀರ್ಮಾನಿಸಿದ್ದಾರೆ: ಬೆಸ ತಿಂಗಳು ಒಬ್ಬರು, ಸಮ ತಿಂಗಳು ಇನ್ನೊಬ್ಬರು. ಗಂಡ ಈ ವಿಷಯವನ್ನು ತಮ್ಮ ಶಾಖೆಯ ಮೇಲಧಿಕಾರಿಗೆ ತಿಳಿಸಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.